ಡಬ್ಬದಲ್ಲಿ ಯಾವಾಗಲೂ ಒಂದು ಕಡಿಮೆ

ಡೊಂಬಿವಲಿ ಪೂರ್ವದಲ್ಲಿ ರತ್ನಾವತಿ ಟೀಚರ ಟ್ಯೂಶನ್ ಎಂದರೆ ಸದ್ದಿಲ್ಲದ ಟ್ಯೂಶನ್. ಸ್ಟೇಶನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಳೆಯ ಬಿಲ್ಡಿಂಗ್, ಅದರ ನೆಲಮಟ್ಟದಲ್ಲೇ ಎರಡು ಕೋಣೆಯ ಮನೆ. ಸಂಜೆ ನಾಲ್ಕಕ್ಕೆ ಹೊರಗಿನ ಕೋಣೆಯಲ್ಲಿ ಚಾಪೆ ಹಾಸಿ ಒಂದನೇ, ಎರಡನೇ ಕ್ಲಾಸಿನ ಮಕ್ಕಳು ಕೂತರೆ, ಕಿಟಕಿಯ ಪಕ್ಕದಲ್ಲೇ ಹಾದುಹೋಗುವವರಿಗೂ ಒಳಗೆ ಮಕ್ಕಳಿದ್ದಾರೆಂಬುದು ಗೊತ್ತಾಗುವುದಿಲ್ಲ. ಎದುರು ಬಿಲ್ಡಿಂಗಿನ ಟ್ಯೂಶನ್ನಿನಲ್ಲಿ ಮಗ್ಗಿಯ ಕೂಗಾಟ ಎಷ್ಟೆಂದರೆ ರಸ್ತೆಯ ರಿಕ್ಷಾದವರಿಗೂ ಹದಿಮೂರರ ಮಗ್ಗಿ ಬಾಯಿಪಾಠ ಆಗಿರಬೇಕು. ಇಲ್ಲಿ ತುಟಿ ಅಲ್ಲಾಡುತ್ತದೆ, ಬೆರಳು ಮಡಚಿಕೊಳ್ಳುತ್ತದೆ, ಅಷ್ಟೇ.

ಇದರ ಹಿಂದೆ ಏನೋ ದೊಡ್ಡ ಶಿಕ್ಷಣ ತತ್ವ ಇದೆಯೆಂದು ಕೆಲವು ತಾಯಂದಿರು ನಂಬಿದ್ದರು. ಟೀಚರೂ ಅವರ ನಂಬಿಕೆ ಕೆಡಿಸಲು ಹೋಗಲಿಲ್ಲ. ಇದ್ದದ್ದು ಇಷ್ಟೇ: ಗಂಡ ಗುರುವಪ್ಪನವರು ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಂಪನಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದರು, ಹಗಲು ಒಳಗಿನ ಕೋಣೆಯಲ್ಲಿ ಮಲಗುತ್ತಿದ್ದರು. ನಡುವೆ ಇದ್ದದ್ದು ಒಂದು ಪರದೆ. ಮಕ್ಕಳು ಬಾಯಿ ತೆರೆದರೆ ಅವರ ನಿದ್ದೆ ಹೋಗುತ್ತಿತ್ತು. ಹಾಗಾಗಿ ಶುರುವಾದದ್ದು ಈ ಮೌನ. ಗುರುವಪ್ಪನವರು ರಿಟೈರ್ ಆಗಿ ಹಗಲು ನಿದ್ದೆಯನ್ನೇ ಮರೆತರೂ ಮೌನ ಮಾತ್ರ ಹಾಗೇ ಉಳಿದುಬಿಟ್ಟಿತು. ಅಷ್ಟು ಹೊತ್ತಿಗೆ ಅದು ಟೀಚರ ಹೆಸರಿಗೇ ಅಂಟಿಕೊಂಡಿತ್ತು.

ರತ್ನಾವತಿ ಹುಟ್ಟಿ ಬೆಳೆದದ್ದು ಠಾಣೆಯ ಪಕ್ಕದ ಕಳವಾ ಎಂಬ ಊರಲ್ಲಿ. ತಂದೆ ಕರಾವಳಿಯಿಂದ ಬಂದು ಠಾಣೆಯ ಹೋಟೆಲೊಂದರಲ್ಲಿ ಅಡುಗೆಗೆ ನಿಂತವರು. ಒಂದೇ ಕೋಣೆಯ ಮನೆ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ನಲ್ಲಿಯ ಸಾಲಿನಲ್ಲಿ ಹಿಂದಿ. ಮದುವೆಗೆ ಮುಂಚೆಯೇ ಅಲ್ಲಿನ ಬಾಲವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಸೇರಿದರು. ಆಗಿನಿಂದ ಈಗಿನವರೆಗೆ ಅವರು ಕಲಿಸಿದ್ದು ಸಣ್ಣ ಲೆಕ್ಕ ಮಾತ್ರ. ಮಗು ಮೂರನೇ ಕ್ಲಾಸಿಗೆ ಹೋದರೆ ಬೆನ್ನು ತಟ್ಟಿ ಬೇರೆ ಟ್ಯೂಶನ್ನಿಗೆ ಕಳಿಸುತ್ತಾರೆ. “ಮನೆಗೆ ಪಾಯ ಹಾಕುವವಳು ನಾನು. ಗೋಡೆ ಕಟ್ಲಿಕ್ಕೆ ಬೇರೆಯವರಿದ್ದಾರೆ” ಅನ್ನುತ್ತಾರೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಮಕ್ಕಳಿಗೆ ಅವರನ್ನು ಕಂಡರೆ ಹೆದರಿಕೆಗಿಂತ ಸಲಿಗೆಯೇ ಜಾಸ್ತಿ, ಯಾಕೆಂದರೆ ಬೈದ ಮರುಗಳಿಗೆಯಲ್ಲೇ ಚಿಕ್ಕಿ ಕೊಡುವ ಅಭ್ಯಾಸ ಅವರದು.

ಆ ವರ್ಷ ಮಳೆಗಾಲದ ನಡುವೆ ರಮಾಮಣಿಯಮ್ಮ ಮೊಮ್ಮಗಳನ್ನು ಕರೆದುಕೊಂಡು ಬಂದರು. ರಮಾಮಣಿಯಮ್ಮನೆಂದರೆ ಸ್ಟೇಶನ್ ಹತ್ತಿರದ ಉಡುಪಿ ಹೋಟೆಲಿನವರು. ಗಂಡ ರಘುಪತಿಯವರು ಕಟ್ಟಿದ ಹೋಟೆಲನ್ನು ಈಗ ಮಗ ನೋಡಿಕೊಳ್ಳುತ್ತಾನೆ, ಸೊಸೆ ನಿಶಾ ನವಿ ಮುಂಬಯಿಯ ಐರೋಲಿಯಲ್ಲಿ ಆಫೀಸಿಗೆ ಹೋಗುತ್ತಾಳೆ. ಮೊಮ್ಮಗಳು ಸುಮೇಧಾ ಎರಡನೇ ಕ್ಲಾಸು. ಅಜ್ಜಿಯ ಸೆರಗು ಹಿಡಿದು ನಿಂತಿದ್ದ ಹುಡುಗಿ ಟೀಚರ ಮುಖವನ್ನು ನೋಡಲೇ ಇಲ್ಲ.

“ಟೀಚರ್, ಇವಳಿಗೆ ಕೂಡಿಸ್ಲಿಕ್ಕೆ ಬರ್ತದೆ, ಕಳೀಲಿಕ್ಕೂ ಬರ್ತದೆ. ಈ ಡಬ್ಬದ ಲೆಕ್ಕ ಬಂದ್ರೆ ಮಾತ್ರ ಎಂತದೋ ಆಗ್ತದೆ” ಅಂದರು ರಮಾಮಣಿಯಮ್ಮ.

ಡಬ್ಬದ ಲೆಕ್ಕವೆಂದರೆ ನಡುವೆ ಖಾಲಿ ಚೌಕ ಇಟ್ಟ ಲೆಕ್ಕ. ಐದಕ್ಕೆ ಎಷ್ಟು ಕೂಡಿಸಿದರೆ ಎಂಟು? ಒಂಬತ್ತರಿಂದ ಎಷ್ಟು ತೆಗೆದರೆ ನಾಲ್ಕು? ಆ ‘ಎಷ್ಟು’ ಅನ್ನುವುದನ್ನು ಹುಡುಕಿ ಚೌಕದೊಳಗೆ ಬರೆಯಬೇಕು. ದೊಡ್ಡವರಿಗೆ ಅದೊಂದು ಲೆಕ್ಕವೇ ಅಲ್ಲ. ಆದರೆ ಆರೇಳು ವರ್ಷದ ಮಗುವಿಗೆ, ಕಾಣದ್ದನ್ನು ಕಂಡದ್ದರಿಂದ ಹುಡುಕುವುದು ಅದೇ ಮೊದಲು.

“ಶಾಲೆಯಲ್ಲಿ ಎಂತ ಹೇಳಿದ್ರು?”

ರಮಾಮಣಿಯಮ್ಮ ದನಿ ತಗ್ಗಿಸಿದರು. “ಮತ್ತೆ ಒಂದನೇ ಕ್ಲಾಸಲ್ಲಿ ಕೂರಿಸುವಾ ಅಂತ ಹೇಳ್ತಾರೆ. ಫೇಲ್ ಮಾಡ್ಲಿಕ್ಕೆ ಇಲ್ವಂತೆ, ಅದಕ್ಕೆ ಅಪ್ಪ ಅಮ್ಮ ಒಪ್ಪಬೇಕು. ಗಣಪತಿ ರಜೆ ಮುಗಿದ ಕೂಡಲೇ ಇನ್ನೊಂದು ಸಲ ನೋಡ್ತಾರಂತೆ, ಆಗ್ಲೂ ಬರದಿದ್ರೆ ಹಿಂದೆ. ಒಂದನೇ ಕ್ಲಾಸಲ್ಲಿ ಇವಳ ತಮ್ಮ ಇದ್ದಾನೆ ಟೀಚರ್, ಅನೀಶ. ಅವನ ಬೆಂಚಲ್ಲಿ ಇವಳು ಕೂರಬೇಕು.”

ಆಗ ಹುಡುಗಿ ಸೆರಗಿನೊಳಗೆ ಮುಖ ಹುದುಗಿಸಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆಂದು ರತ್ನಾವತಿಗೆ ಗೊತ್ತಾದದ್ದು ಹಾಗೆ. ಏನು ಕೇಳಿದರೂ ಉತ್ತರ ಮರಾಠಿಯಲ್ಲಿ, ಅದೂ ಒಂದೇ ಉತ್ತರ, “ಮಲಾ ಯೇತ್ ನಾಹೀ.” ನನಗೆ ಬರುವುದಿಲ್ಲ.

“ಬರುದಿಲ್ಲ ಅಂತ ನನ್ನ ಮನೆಯಿಂದ ಯಾವ ಮಗುವೂ ಹೋಗ್ಲಿಲ್ಲ” ಎಂದರು ಟೀಚರು, ಸ್ವಲ್ಪ ಜಂಬದಿಂದಲೇ.

ಜಂಬ ಇಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಐದಕ್ಕೆ ಎಷ್ಟು ಸೇರಿದರೆ ಎಂಟು ಎಂಬಲ್ಲಿ ಸುಮೇಧಾ 2 ಎಂದು ಬರೆದಳು. ಆರಕ್ಕೆ ಎಷ್ಟು ಸೇರಿದರೆ ಹತ್ತು ಎಂಬಲ್ಲಿ 3. ಒಂಬತ್ತರಿಂದ ಎಷ್ಟು ಹೋದರೆ ನಾಲ್ಕು ಎಂಬಲ್ಲಿ 4. ಬರೆದದ್ದನ್ನು ಅಳಿಸುವುದಿಲ್ಲ, ಪಕ್ಕದವರದ್ದನ್ನು ಇಣುಕಿ ನೋಡುವುದಿಲ್ಲ. ಮುದ್ದಾದ ಅಕ್ಷರದಲ್ಲಿ, ಧೈರ್ಯವಾಗಿ, ತಪ್ಪು ಬರೆಯುತ್ತಿದ್ದಳು.

ಟೀಚರು ತಮ್ಮ ಕೈಯಲ್ಲಿದ್ದ ಉಪಾಯಗಳನ್ನೆಲ್ಲ ಹೊರತೆಗೆದರು. ಅವರ ಮೆಚ್ಚಿನ ಉಪಾಯ ಲೋಕಲ್ ಟ್ರೇನು. “ಮುಂಬ್ರಾದಲ್ಲಿ ಟ್ರೇನ್ ಹತ್ತಿದ್ದೀ. ಡೊಂಬಿವಲಿಯಲ್ಲಿ ಇಳೀಬೇಕು. ಎಷ್ಟನೇ ಸ್ಟೇಶನ್ನಿಗೆ ಇಳೀತೀ?” ದಿವಾ, ಕೋಪರ್, ಡೊಂಬಿವಲಿ, ಮೂರನೆಯದು. ಸುಮೇಧಾಳ ತುಟಿ ಅಲ್ಲಾಡಿತು, ಎರಡು ಬೆರಳು ಮೇಲೆ ಬಂತು. ಇಲ್ಲಿ ಟೀಚರಿಗೆ ನಿಜವಾಗಿಯೂ ತಲೆ ತಿರುಗಿತು. ಈ ಲೆಕ್ಕದಲ್ಲಿ ಮಕ್ಕಳು ಮಾಡುವ ತಪ್ಪು ಅವರಿಗೆ ಚೆನ್ನಾಗಿ ಗೊತ್ತು. ಹತ್ತಿದ ಸ್ಟೇಶನ್ನನ್ನೂ ಸೇರಿಸಿ ಎಣಿಸುತ್ತಾರೆ, ಮೂರರ ಬದಲು ನಾಲ್ಕು ಅನ್ನುತ್ತಾರೆ. ಅಂದರೆ ಒಂದು ಹೆಚ್ಚು. ಅದಕ್ಕೆ ಮದ್ದು ಅವರ ಹತ್ತಿರ ಇತ್ತು. ಇವಳದ್ದು ಒಂದು ಕಡಿಮೆ. ಇಷ್ಟು ವರ್ಷದಲ್ಲಿ ಒಂದು ಕಡಿಮೆ ಮಾಡುವ ಮಗುವನ್ನು ಅವರು ಕಂಡಿರಲಿಲ್ಲ.

ಬೀಜ ಎಣಿಸುವ ಉಪಾಯವೂ ಆಯಿತು. ಐದು ಹುಣಸೆ ಬೀಜ ತಟ್ಟೆಯಲ್ಲಿಟ್ಟು, “ಎಂಟಾಗುವ ತನಕ ಹಾಕು” ಅಂದರು. ಹುಡುಗಿ ಒಂದೊಂದಾಗಿ ಹಾಕಿ ಎಂಟಕ್ಕೆ ಸರಿಯಾಗಿ ನಿಲ್ಲಿಸಿದಳು. ಸರಿಯಾಗಿ ಮೂರೇ ಬೀಜ ಹಾಕಿದ್ದಳು. ಆಮೇಲೆ ಚೌಕದಲ್ಲಿ 2 ಎಂದು ಬರೆದಳು.

“ಹಾಕಿದ್ದು ಮೂರು, ಬರೆದದ್ದು ಎರಡು! ಕಣ್ಣು ಎಲ್ಲಿ ಉಂಟು ನಿಂಗೆ?”

“ಬರೋಬರ್ ಆಹೇ” ಅಂದಳು ಸುಮೇಧಾ, ತಲೆ ತಗ್ಗಿಸಿಕೊಂಡೇ. ಸರಿಯಾಗಿಯೇ ಇದೆ.

ಮರುದಿನ ಎಂಟಕ್ಕೆ ಎಷ್ಟು ಕೂಡಿದರೆ ಒಂಬತ್ತು ಎಂಬುದಕ್ಕೆ ಅವಳು ಸೊನ್ನೆ ಬರೆದಾಗ ಟೀಚರ ತಾಳ್ಮೆ ಹರಿಯಿತು. “ಎಂಟಕ್ಕೆ ಸೊನ್ನೆ ಕೂಡಿಸಿದ್ರೆ ಒಂಬತ್ತಾ? ತಮಾಷೆ ಮಾಡ್ತೀಯಾ ನನ್ನ ಹತ್ರ?” ಎಂದು ಗದರಿದರು. ಮಗು ಅಳಲಿಲ್ಲ. ಪೆನ್ಸಿಲನ್ನು ಮೆಲ್ಲಗೆ ಕೆಳಗಿಟ್ಟು ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಿತು. ಆ ದಿನ ಕೊಟ್ಟ ಚಿಕ್ಕಿಯನ್ನೂ ತೆಗೆದುಕೊಳ್ಳಲಿಲ್ಲ.

ಅವತ್ತು ರಾತ್ರಿಯಾಗುವ ಮುನ್ನ ನಿಶಾ ಬಂದಳು. ಐರೋಲಿಯಿಂದ ಠಾಣೆಗೆ, ಠಾಣೆಯಿಂದ ಡೊಂಬಿವಲಿಗೆ, ಎರಡು ಟ್ರೇನಿನ ನೂಕುನುಗ್ಗಲಿನಲ್ಲಿ ಹಿಂಡಿ ಹೋಗಿದ್ದ ಹೆಣ್ಣು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಮಾತಾಡಿದಳು.

“ಟೀಚರ್, ನಾನು ಶಾಲೆಯವರಿಗೆ ಆಯ್ತು ಅಂತ ಹೇಳಿಬಿಡ್ಲಾ? ಬೆಳಿಗ್ಗೆ ಎದ್ದ ಕೂಡಲೇ ಅನೀಶನ ಶಾಲೆ ಬ್ಯಾಗ್ ಅಡಗಿಸಿಡ್ತಾಳೆ. ನಿನ್ನೆ ವಾಷಿಂಗ್ ಮಶೀನ್ ಒಳಗೆ ಸಿಕ್ಕಿತು. ಯಾಕೆ ಅಂತ ಕೇಳಿದ್ರೆ, ಅವನು ಶಾಲೆಗೆ ಹೋಗದಿದ್ರೆ ನಾನು ಅವನ ಹತ್ರ ಕೂತ್ಕೊಳ್ಬೇಕಾಗಿಲ್ಲ ಅಂತಾಳೆ. ನಂಗೆ ನೋಡ್ಲಿಕ್ಕೆ ಆಗುದಿಲ್ಲ. ಆಗುದು ಬೇಗ ಆಗಿಹೋಗ್ಲಿ.”

“ರಜೆ ಮುಗಿಯುವ ತನಕ ಹೇಳ್ಬೇಡ” ಎಂದರು ರತ್ನಾವತಿ. ಹೇಳಿದರೇ ಹೊರತು ಏನು ಮಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ. ನಿಶಾ ಹೋದ ಮೇಲೆ, ಮಗು ಬೇಡವೆಂದ ಚಿಕ್ಕಿಯನ್ನು ತಿರುಗಿ ಡಬ್ಬಿಗೆ ಹಾಕಿದರು. ಗದರಬಾರದಿತ್ತು ಅನಿಸಿತು.

ಪರದೆಯ ಆಚೆಯಿಂದ ಗುರುವಪ್ಪನವರ ಗೊಣಗು ಕೇಳಿಸಿತು. “ಆ ಹುಡುಗಿಯ ತುಟಿ ಅಲ್ಲಾಡ್ತದೆ. ಎಂತ ಹೇಳ್ತದೆ ಅಂತ ಒಂದು ಸಲ ಕೇಳಿದ್ದೀಯಾ ನೀನು?”

“ನಮ್ಮಲ್ಲಿ ಜೋರಾಗಿ ಹೇಳುವ ಕ್ರಮ ಇಲ್ಲ.”

“ಯಾರಿಗೋಸ್ಕರ ಆ ಕ್ರಮ? ನಾನು ಹಗಲು ಮಲಗುದು ಬಿಟ್ಟು ಯಾವ ಕಾಲ ಆಯ್ತು! ಇಲ್ಲಿ ಕಣ್ಣು ಬಿಟ್ಕೊಂಡು ಬಿದ್ಕೊಂಡಿರ್ತೇನೆ, ಮಾತು ಕೇಳ್ಳಿಕ್ಕೆ ಒಂದು ಜನ ಇಲ್ಲ. ಮಕ್ಕಳ ಬಾಯಿಗೆ ಇನ್ನೂ ಬೀಗ ಹಾಕಿಟ್ಟಿದ್ದೀ.”

ರತ್ನಾವತಿಗೆ ಸಿಟ್ಟು ಬಂತು. ಸರಿಯಾದ ಮಾತು ಗಂಡನ ಬಾಯಿಂದ ಬಂದರೆ ಯಾವ ಹೆಂಡತಿಗೂ ಬರುವ ಸಿಟ್ಟು ಅದು. ಆದರೆ ಮರುದಿನ ಮಿಕ್ಕ ಮಕ್ಕಳನ್ನು ಬೇಗ ಕಳಿಸಿ ಸುಮೇಧಾಳನ್ನು ಮಾತ್ರ ಉಳಿಸಿಕೊಂಡರು. ತಟ್ಟೆಯಲ್ಲಿ ಐದು ಬೀಜ ಇಟ್ಟು, ಮಿಕ್ಕ ಬೀಜದ ಡಬ್ಬಿಯನ್ನು ಅವಳ ಕೈಗೆ ಕೊಟ್ಟರು.

“ಇವತ್ತು ಜೋರಾಗಿ ಎಣಿಸು. ನಾನು ಬೈಯುದಿಲ್ಲ. ದೇವರ ಆಣೆ.”

ಮಗು ಪರದೆಯ ಕಡೆ ನೋಡಿತು. ಪರದೆ ಸರಿಸಿ ಗುರುವಪ್ಪನವರು ಮುಖ ಹೊರಹಾಕಿ, ಪರವಾಗಿಲ್ಲವೆಂಬಂತೆ ತಲೆಯಾಡಿಸಿದರು. ಸುಮೇಧಾ ಒಂದು ಬೀಜ ಎತ್ತಿಕೊಂಡಳು. ಅದನ್ನು ಎರಡೂ ಕಣ್ಣಿಗೆ ಮುಟ್ಟಿಸಿ ತಟ್ಟೆಗೆ ಹಾಕುತ್ತಾ ಅಂದಳು:

“ಲಾಭ.”

ಎರಡನೆಯ ಬೀಜ ಹಾಕಿ, “ವನ್.” ಮೂರನೆಯದನ್ನು ಹಾಕಿ, “ಟೂ.”

ನಿಲ್ಲಿಸಿ ಟೀಚರ ಮುಖ ನೋಡಿದಳು. ತಟ್ಟೆಯಲ್ಲಿ ಎಂಟು ಬೀಜ ಇತ್ತು. ಉತ್ತರ ಎರಡು.

ರತ್ನಾವತಿಗೆ ಥಟ್ಟನೆ ಹೊಳೆಯಿತು. ಲಾಭ! ಅಕ್ಕಿ ಅಳೆಯುವಾಗ ಮೊದಲ ಸೇರನ್ನು ಒಂದು ಎಂದು ಎಣಿಸಬಾರದು, ಲಾಭ ಎನ್ನಬೇಕು, ಆಮೇಲೆ ಎರಡು, ಮೂರು. ಒಂದು ಎಂದರೆ ಮನೆಯಲ್ಲಿ ಧಾನ್ಯ ಒಂದಕ್ಕೇ ನಿಂತುಬಿಟ್ಟೀತು ಎಂಬ ಅಂಜಿಕೆ. ಕಳವಾ ಊರಿನ ಆ ಒಂದೇ ಕೋಣೆಯಲ್ಲಿ ಅವರ ತಾಯಿಯೂ ಹಾಗೆಯೇ ಅಳೆಯುತ್ತಿದ್ದರು. ಲಾಭ ಎಂದರೆ ಒಂದು ಎಂಬುದನ್ನು ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಈ ಮಗುವಿಗೆ ಗೊತ್ತಿರಲಿಲ್ಲ.

“ಲಾಭ ಅಂದ್ರೆ ಎಂತ ಪುಟ್ಟಾ?”

“ದೇವಾಚಂ” ಎಂದಳು ಸುಮೇಧಾ. ದೇವರದ್ದು. ಅಜ್ಜಿ ಮೊದಲ ಸೇರನ್ನು ಕಣ್ಣಿಗೊತ್ತಿಕೊಂಡು ಜೋರಾಗಿ ಲಾಭ ಅನ್ನುತ್ತಾಳೆ, ಆಮೇಲಿನದ್ದನ್ನೆಲ್ಲ ಮನಸ್ಸಿನಲ್ಲೇ ಎಣಿಸುತ್ತಾಳೆ. ದೇವರದ್ದನ್ನು ನಾವು ಎಣಿಸಬಾರದಲ್ಲ, ಅದಕ್ಕೇ ನಾನು ಅದರ ಮುಂದಿನದರಿಂದ ಶುರು ಮಾಡುತ್ತೇನೆ, ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದಳು. ಇಷ್ಟು ದಿನ ‘ಬರುವುದಿಲ್ಲ’ ಎಂದಷ್ಟೇ ಹೇಳುತ್ತಿದ್ದ ಹುಡುಗಿ ಅದೆಷ್ಟು ಮಾತಾಡಿದಳೋ!

ಆಗ ಎಲ್ಲವೂ ಹೊಂದಿಕೊಂಡಿತು. ಸುಮ್ಮನೆ ಬಿದ್ದಿರುವ ವಸ್ತುವನ್ನು, ಕೂಡಿಸಿ ಕಳೆದ ಮೇಲೆ ಕೊನೆಗೆ ಉಳಿದದ್ದನ್ನು ಎಣಿಸುವಾಗ ಅವಳು ಶಾಲೆಯವರ ಹಾಗೆ ಒಂದರಿಂದಲೇ ಎಣಿಸುತ್ತಿದ್ದಳು, ತಪ್ಪಾಗುತ್ತಿರಲಿಲ್ಲ. ಇದ್ದದ್ದಕ್ಕೆ ಹಾಕುವಾಗ, ಇದ್ದದ್ದರಿಂದ ತೆಗೆಯುವಾಗ, ಇದ್ದಲ್ಲಿಂದ ಮುಂದೆ ಸಾಗುವಾಗ ಮಾತ್ರ ಅದು ಅಜ್ಜಿಯ ಅಕ್ಕಿಯ ಡ್ರಮ್ಮಾಗುತ್ತಿತ್ತು. ಡಬ್ಬದ ಲೆಕ್ಕವೆಂದರೆ ಪೂರಾ ಹಾಕುವುದು, ತೆಗೆಯುವುದೇ. ಎಂಟನ್ನು ಒಂಬತ್ತು ಮಾಡಲು ಹಾಕಿದ್ದು ಬರೇ ಲಾಭ, ಒಂದು ಬರುವ ಮೊದಲೇ ಲೆಕ್ಕ ಮುಗಿದಿತ್ತು. ಸೊನ್ನೆಯಲ್ಲದೆ ಇನ್ನೇನು ಬರೆಯಬೇಕಿತ್ತು ಆ ಮಗು? ಟೀಚರು ಅವಳನ್ನು ಹತ್ತಿರ ಎಳೆದುಕೊಂಡು ತಲೆ ಸವರಿದರು.

“ನೋಡು, ಶಾಲೆಯಲ್ಲಿ ನೀನು ಸುಮೇಧಾ. ಅಜ್ಜಿಗೆ ಯಾರು ನೀನು?”

“ಸುಮಿ.”

“ಎರಡು ಹೆಸರು ಉಂಟು ಅಂತ ಇಬ್ಬರಾದ್ಯಾ? ಇಲ್ವಲ್ಲ. ಲಾಭ ಅನ್ನೋದು ಒಂದರ ಮುದ್ದಿನ ಹೆಸರು. ಅದನ್ನೂ ಎಣಿಸಬೇಕು. ದೇವರು ಬೇಜಾರು ಮಾಡುದಿಲ್ಲ.”

ತಿಳಿಸುವುದು ಸುಲಭ, ಅಭ್ಯಾಸ ಬಿಡಿಸುವುದು ಕಷ್ಟ. ಟೀಚರ ಎದುರಿಗೆ ಕೂತು ನಿಧಾನವಾಗಿ ಮಾಡಿದರೆ ಸರಿಯಾಗುತ್ತಿತ್ತು. ಅವಸರ ಮಾಡಿದರೆ, ಹೆದರಿದರೆ, ಕೈ ಹಳೆಯ ದಾರಿಯನ್ನೇ ಹಿಡಿಯುತ್ತಿತ್ತು. ಪರೀಕ್ಷೆಯೆಂದರೆ ಅವಸರ ಮತ್ತು ಹೆದರಿಕೆ ಎರಡೂ.

ರಮಾಮಣಿಯಮ್ಮನಿಗೆ ವಿಷಯ ಹೇಳಿದಾಗ ಅವರು ಚಾಪೆಯ ಮೇಲೆ ಕುಸಿದು ಕೂತರು. “ನನ್ನಿಂದ ಆಯ್ತಾ ಟೀಚರ್? ಶಾಲೆಯಿಂದ ಬಂದ ಕೂಡಲೇ ಇಡ್ಲಿ ಅಕ್ಕಿ ನೆನೆ ಹಾಕುವ ಹೊತ್ತಿಗೆ ನನ್ನ ಹತ್ರ ಬಂದು ಕೂರ್ತಾಳೆ. ಅವಳೇ ಸೇರು ತುಂಬಿಸಿ ಕೊಡುದು. ಅದೊಂದು ಹೊತ್ತು ನಾವಿಬ್ರು ಇರುದು. ನಾನು ಕೆಟ್ಟದ್ದು ಕಲಿಸಿದ್ನಾ?”

“ಕೆಟ್ಟದ್ದು ಅಂತ ಯಾರು ಹೇಳಿದ್ರು? ನಮ್ಮಮ್ಮನೂ ಹಾಗೇ ಅಳೀತಿದ್ರು.”

“ಅದೆಲ್ಲ ಇರ್ಲಿ. ನಾಳೆಯಿಂದ ಒಂದು ಅಂತಲೇ ಅಳೀತೇನೆ. ಜೋರಾಗಿ ಹೇಳ್ತೇನೆ, ಅವಳಿಗೆ ಕೇಳುವ ಹಾಗೆ.”

ಬೇಡವೆನ್ನಬೇಕೆಂದು ರತ್ನಾವತಿಗೆ ಅನಿಸಿತು. ಮದುವೆಯಾಗಿ ಬಂದ ದಿನದಿಂದ ಆ ಹೋಟೆಲಿನ ಅಕ್ಕಿ ಅಳೆದ ಹೆಂಗಸು, ಮೊದಲ ಸೇರಿಗೆ ಒಂದು ಎನ್ನಲು ಅವರ ನಾಲಿಗೆ ಹೇಗೆ ಹೊರಳೀತು? ಆದರೆ ಪರೀಕ್ಷೆ ಹತ್ತಿರ ಬಂದಿತ್ತು, ಮಗುವಿನ ಕಿವಿಗೆ ದಿನಾ ‘ಒಂದು’ ಬಿದ್ದರೆ ಒಳ್ಳೆಯದೇ. ರಮಾಮಣಿಯಮ್ಮ ಆಡಿದಂತೆಯೇ ನಡೆದರು. ಮೊದಲ ದಿನ ಅಕ್ಕಿ ನೆಲಕ್ಕೆ ಚೆಲ್ಲಿತೆಂದು ನಿಶಾ ಫೋನಿನಲ್ಲಿ ಹೇಳಿದಳು. ಮರುದಿನದ ಇಡ್ಲಿ ಎಂದಿನಂತೆಯೇ ಉಬ್ಬಿತು, ಆದರೆ ಅವರು ಮಾತ್ರ ಅದನ್ನು ಬಾಯಿಗಿಡಲಿಲ್ಲವಂತೆ.

ಗಣಪತಿ ಬಂದು ಹೋದ. ರಜೆ ಮುಗಿದು ಶಾಲೆ ತೆರೆದ ದಿನ ಮಧ್ಯಾಹ್ನ ರತ್ನಾವತಿಗೆ ಮನೆಯಲ್ಲಿ ಕೂತಿರಲು ಆಗಲಿಲ್ಲ. ಮಕ್ಕಳ ಮನೆಗೆ ತಾವಾಗಿ ಹೋಗುವ ಪದ್ಧತಿ ಅವರದಲ್ಲ. “ತರಕಾರಿ ತರ್ತೇನೆ” ಎಂದು ಗುರುವಪ್ಪನವರಿಗೆ ಹೇಳಿ, ಚೀಲ ಮರೆತು, ಹೋಟೆಲಿನ ಹಿಂಬಾಗಿಲಿಗೆ ಬಂದು ನಿಂತರು. ಒಳಗೆ ಉಗ್ರಾಣದಲ್ಲಿ ರಮಾಮಣಿಯಮ್ಮ ಅಕ್ಕಿಯ ಡ್ರಮ್ಮಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಅಕ್ಕಿ ನೆನೆಹಾಕುವ ಹೊತ್ತು ಮೀರಿತ್ತು. ಅಡುಗೆಯವನು ಒಮ್ಮೆ ಬಂದು ಕೇಳಿ ಬೈಸಿಕೊಂಡು ಹೋದ.

ಮೊದಲು ಓಡಿ ಬಂದವನು ಅನೀಶ. ಕೊರಳಲ್ಲಿ ನೀರಿನ ಬಾಟಲಿ, ಮುಖ ಸಪ್ಪಗೆ.

“ಆಜೀ, ದೀದೀ ಮೇರೇ ಕ್ಲಾಸ್ ಮೇ ನಹೀಂ ಆಯೇಗೀ” ಎಂದ ಹುಡುಗ ಅಳುಮೋರೆ ಮಾಡಿಕೊಂಡು. ಅಕ್ಕ ನನ್ನ ಕ್ಲಾಸಿಗೆ ಬರುವುದಿಲ್ಲವಂತೆ. ಪಾಪ, ಅವನೊಬ್ಬನಿಗೆ ಮಾತ್ರ ಅವಳು ಪಕ್ಕದಲ್ಲಿ ಕೂರಬೇಕೆಂಬ ಆಸೆ ಇತ್ತು!

ರಮಾಮಣಿಯಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಹಿಂದಿನಿಂದ ಸುಮೇಧಾ ಬಂದಳು, ಶೂ ಕೂಡ ಬಿಚ್ಚದೆ. ಟೀಚರನ್ನು ಅಲ್ಲಿ ಕಂಡು ಒಮ್ಮೆ ನಕ್ಕಳು, ಅಷ್ಟೇ. ಅವಳ ಗಮನ ಡ್ರಮ್ಮಿನ ಕಡೆಗಿತ್ತು. ಅಕ್ಕಿ ಇನ್ನೂ ಅಳೆದಿಲ್ಲವೆಂಬುದನ್ನು ಅವಳು ಒಂದೇ ನೋಟಕ್ಕೆ ಕಂಡುಕೊಂಡಿದ್ದಳು. ಬ್ಯಾಗ್ ಕೆಳಗೆಸೆದು, ಸೇರನ್ನು ಡ್ರಮ್ಮಿಗೆ ಮುಳುಗಿಸಿ ತುಂಬಿ, ಅಂಗೈಯಿಂದ ಮೇಲಿನ ಅಕ್ಕಿ ಸವರಿ, ಅಜ್ಜಿಯ ಕೈಗೆ ಕೊಟ್ಟಳು.

ರಮಾಮಣಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸೇರನ್ನು ಪಾತ್ರೆಯ ಮೇಲೆ ಹಿಡಿದು, ಮಾತು ಕೊಟ್ಟಂತೆ, ಜೋರಾಗಿ, “ಒಂದು” ಎಂದರು.

ಸುಮೇಧಾ ಥಟ್ಟನೆ ಅವರ ಕೈ ಹಿಡಿದಳು. ಸುರಿಯಲು ಬಿಡಲಿಲ್ಲ. ಆಮೇಲೆ, ಹುಟ್ಟಿದಾಗಿನಿಂದ ಅಜ್ಜಿಗೆ ಮರಾಠಿಯಲ್ಲೇ ಉತ್ತರ ಕೊಟ್ಟ ಹುಡುಗಿ, ಒಂದೊಂದೇ ಕನ್ನಡ ಮಾತನ್ನು ಹುಡುಕಿ ಹುಡುಕಿ ಜೋಡಿಸಿಕೊಂಡು ಹೇಳಿದಳು:

“ಅಜ್ಜಿ, ಹಾಗೆ ಅಲ್ಲ. ಲಾಭ ಹೇಳು. ನಾನು ಎಣಿಸ್ತೇನೆ. ಲಾಭ ಆದ್ಮೇಲೆ ಎರಡು.”

ರಮಾಮಣಿಯಮ್ಮ ಟೀಚರ ಮುಖ ನೋಡಿದರು. ರತ್ನಾವತಿ ತಲೆಯಾಡಿಸಿದರು. ಮುದುಕಿ ಸೇರನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಅವರ ದನಿ ಹೊರಡಲಿಲ್ಲ. ಸುಮೇಧಾ ಸ್ವಲ್ಪ ಹೊತ್ತು ಕಾದಳು, ಆಮೇಲೆ ಅಜ್ಜಿಯ ಪರವಾಗಿ ತಾನೇ ಲಾಭ ಎಂದು ಹೇಳಿ, ಅವರ ಕೈಯ ಸೇರನ್ನು ಪಾತ್ರೆಗೆ ಸುರಿಸಿ, ಎರಡನೆಯ ಸೇರು ತುಂಬತೊಡಗಿದಳು.